ಹತ್ತಿ ಕಟ್ಟೆಯ ಮೇಲೆ ಜಾರದ ಚಡಾವು

ಶಹಾಪುರದ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಬಂದಾಗ ನನಗೆ ಇಪ್ಪತ್ತು ವರ್ಷ. ಕನ್ನಡದ ಜಿಲ್ಲೆಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಯಾದಗಿರಿಯಲ್ಲಿ ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ. ಲೆಕ್ಕ ಉರ್ದು, ಭೂಗೋಳ ಉರ್ದು, ಮಾಸ್ತರರ ಬೈಗುಳವೂ ಉರ್ದು. ಕನ್ನಡ ಅಕ್ಷರಗಳನ್ನು ಮಾತ್ರ ಅಪ್ಪ ಮನೆಯಲ್ಲಿ ನೆಲದ ಮೇಲೆ ಬೂದಿ ಹರಡಿ ತಿದ್ದಿಸಿದ್ದ. ಆ ಬೂದಿಯ ಅಕ್ಷರಗಳೇ ನನಗೆ ನೌಕರಿ ಕೊಡಿಸಿದವು. ಬೆಳಿಗ್ಗೆ ಹುಡುಗಿಯರಿಗೆ ಪಾಠ, ಸಂಜೆ ಸರ್ಕಾರಿ ಕಚೇರಿಯ ಗುಮಾಸ್ತರಿಗೆ ಅ, ಆ, ಇ, ಈ. ಇಪ್ಪತ್ತು ವರ್ಷ ಉರ್ದುವಿನಲ್ಲಿ ಮೊಹರು ಹಾಕಿದ ಗಂಡಸರು ದೊಡ್ಡ ಮೀಸೆ ಹೊತ್ತು, ಮಡಿಲಲ್ಲಿ ಪಾಟಿ ಇಟ್ಟುಕೊಂಡು, ನನ್ನೆದುರು ಸಾಲಾಗಿ ಕೂತು ‘ಳ’ ತಿದ್ದುತ್ತಿದ್ದರು. ಒಬ್ಬರ ‘ಳ’ ಜಿಲೇಬಿಯ ಹಾಗೆ, ಇನ್ನೊಬ್ಬರದು ಮಲಗಿದ ಬೆಕ್ಕಿನ ಹಾಗೆ. ನಾನು ಸೆರಗು ಬಾಯಿಗೆ ತುರುಕಿಕೊಂಡು ಕರಿಹಲಗೆಯ ಕಡೆ ತಿರುಗಿ ನಿಲ್ಲುತ್ತಿದ್ದೆ. ಆ ವರ್ಷ ನನಗೆ ಯಾವುದನ್ನು ನೋಡಿದರೂ ನಗು ಬರುತ್ತಿತ್ತು.

ನಾನು ಇದ್ದದ್ದು ದೊಡ್ಡವ್ವನ ಮನೆಯಲ್ಲಿ, ಅಂದರೆ ಅವ್ವನ ಅಕ್ಕನ ಮನೆಯಲ್ಲಿ. ಆಕೆಗೆ ಎಂಟು ಆಡು, ಒಂದು ನಿಂಬೆ ಗಿಡ, ಮತ್ತು ಊರಿನ ಎಲ್ಲ ವಿಷಯಗಳ ಮೇಲೆ ಒಂದೊಂದು ತೀರ್ಪು.

ರಾಜ್ಯ ಒಂದಾದ ವರ್ಷದ ಹಬ್ಬಕ್ಕೆ ನಾಟಕ ಆಡಬೇಕೆಂದು ಹೊರಟವರು ಗಂಡುಮಕ್ಕಳ ಶಾಲೆಯ ಕನ್ನಡ ಪಂಡಿತರು. ಅವರು ಸುರಪುರದವರು. ನೂರು ವರ್ಷದ ಹಿಂದೆ ಸುರಪುರದ ಪಡೆ ಕಂಪನಿ ಸರ್ಕಾರದ ಪಲ್ಟನ್ನಿನ ಜೊತೆ ಕಾದಿ ಸೋತ ಕತೆಯನ್ನು ತಾವೇ ನಾಟಕ ಮಾಡಿ ಬರೆದಿದ್ದರು. ರಾಜನ ಪಾತ್ರಕ್ಕೆ ನನ್ನ ಸಂಜೆ ತರಗತಿಯ ಒಬ್ಬ ಗುಮಾಸ್ತರನ್ನು ಆರಿಸಿದರು. ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರದ ಮನುಷ್ಯ, ದನಿ ಗಂಟೆಯ ಹಾಗೆ. ಕನ್ನಡ ಇನ್ನೂ ಕೈಗೆ ಹತ್ತಿರಲಿಲ್ಲವಾದ್ದರಿಂದ ಅವರು ತಮ್ಮ ಕನ್ನಡ ಮಾತುಗಳನ್ನೆಲ್ಲ ಉರ್ದು ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು. ರಾಣಿಯ ಪಾತ್ರ ಮಾಡಬೇಕಿದ್ದ ಗಂಡಸಿಗೆ ಗುರುಮಠಕಲ್ಲಿಗೆ ವರ್ಗವಾಯಿತು. ಪಂಡಿತರು ಎರಡು ದಿನ ಯೋಚಿಸಿ ನಮ್ಮ ಮನೆಗೆ ಬಂದು, ಹೊಸ ರಾಜ್ಯದಾಗ ರಾಣಿ ಪಾತ್ರ ಹೆಣ್ಣೇ ಮಾಡಿದರ ತಪ್ಪೇನು ಎಂದು ದೊಡ್ಡವ್ವನನ್ನು ಕೇಳಿದರು.

ದೊಡ್ಡವ್ವ ಎಂಟೂ ಆಡಿಗೆ ಸೊಪ್ಪು ಹಾಕಿ ಮುಗಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ರಾಣಿ ಆಗ್ತೀಯಾ, ಆಗು. ಆದರ ಯಾವ ರಾಜಾನೂ ನಿನ್ನ ಮುಟ್ಟಬಾರದು. ಮುಟ್ಟಿದ ದಿನ ನಾಟಕ ಬಂದ್.”

ಪಂಡಿತರು ತಮ್ಮ ನಾಟಕದಲ್ಲಿ ಅಂಥ ದೃಶ್ಯವೇ ಇಲ್ಲವೆಂದು ಆಣೆ ಮಾಡಿದರು. ಅವತ್ತಿನಿಂದ ಪ್ರತಿ ತಾಲೀಮಿಗೂ ದೊಡ್ಡವ್ವ ಕೌದಿ ಹೊಲಿಯುವ ಗಂಟು ಹಿಡಿದು ಬಂದು ಒಂದು ಮೂಲೆಯಲ್ಲಿ ಕೂರತೊಡಗಿದಳು. ಸೂಜಿ ಕೌದಿಯ ಮೇಲೆ, ಕಣ್ಣು ರಾಜನ ಕೈಯ ಮೇಲೆ.

ಒಂದು ತಿಂಗಳು ಶಾಲೆಯ ಮಣ್ಣು ನೆಲದ ಮೇಲೆ ಬರಿಗಾಲಿನಲ್ಲಿ ತಾಲೀಮು ನಡೆಯಿತು. ಏನೂ ತೊಂದರೆಯಾಗಲಿಲ್ಲ. ತೊಂದರೆ ಬಂದದ್ದು ಜೋಡಿನಿಂದ.

ಪಂಡಿತರಿಗೆ ಎಲ್ಲವೂ ಆ ಕಾಲದಲ್ಲಿ ಇದ್ದ ಹಾಗೆಯೇ ಇರಬೇಕು. ಸುರಪುರದ ಒಂದು ಹಳೆಯ ಮನೆಯಲ್ಲಿ ಆ ಯುದ್ಧದ ಕಾಲದ ಸಿಪಾಯಿಯೊಬ್ಬನ ಚಡಾವು ಇತ್ತು. ಮುಂಗಾಲು ಮುಚ್ಚುವ, ತುದಿ ಮೇಲಕ್ಕೆ ಬಾಗಿದ ಹಳೆಯ ಜೋಡು. ಪಂಡಿತರು ಅದರ ಚಿತ್ರ ಬರೆದುಕೊಂಡು ಬಂದು ಶಹಾಪುರದ ಮೋಚಿ ಚಾಚಾನ ಮುಂದೆ ಇಟ್ಟರು. ಚಾಚಾ ಅರವತ್ತು ದಾಟಿದ, ಮಾತು ಕಡಿಮೆ ಆಡುವ ಮನುಷ್ಯ. ಚಿತ್ರವನ್ನು ಬಹಳ ಹೊತ್ತು ನೋಡಿ, ಹನ್ನೆರಡು ಜೊತೆ ಹೊಲಿದುಕೊಟ್ಟ. ಕೆಂಪು ಚರ್ಮ, ತುದಿಯಲ್ಲಿ ಉಣ್ಣೆಯ ಗೊಂಡೆ, ಅಡಿಯಲ್ಲಿ ಮೂರು ಪದರ ಚರ್ಮದ ದಪ್ಪ ತಳ. ಯುದ್ಧಕ್ಕೆ ಹೊರಡುವ ರಾಣಿಯೆಂದು ನನಗೂ ಒಂದು ಜೊತೆ. ಅದನ್ನು ಹಾಕಿಕೊಂಡ ಕ್ಷಣ ನಾನು ಎರಡು ಬೆರಳು ಎತ್ತರವಾದೆ, ಅದಕ್ಕೂ ನಗು ಬಂತು.

ನಾಟಕದ ಜಾಗ ಊರಾಚೆಯ ಹತ್ತಿ ಮಿಲ್ಲಿನ ಕಟ್ಟೆ. ಎತ್ತರಕ್ಕಿದೆ, ಮುಂದೆ ಬಯಲಿದೆ, ಸಾವಿರ ಜನ ಕೂರಬಹುದು. ಕಟ್ಟೆಗೆ ಹಾಸಿದ್ದು ಶಹಾಬಾದದ ಫರಸಿ ಕಲ್ಲು. ಎಷ್ಟೋ ವರ್ಷ ಅದರ ಮೇಲೆ ಹತ್ತಿ ಮೂಟೆಗಳನ್ನು ಎಳೆದೂ ಎಳೆದೂ, ಹತ್ತಿ ಕಾಳಿನ ಎಣ್ಣೆ ಇಂಗಿಯೂ ಇಂಗಿಯೂ ಕಲ್ಲು ಕನ್ನಡಿಯಾಗಿತ್ತು. ಬಗ್ಗಿದರೆ ಮುಖ ಕಾಣುತ್ತಿತ್ತು.

ನಾಟಕಕ್ಕೆ ಇನ್ನು ಆರು ದಿನವಿದೆ ಎನ್ನುವಾಗ ಹೊಸ ಚಡಾವು ಮೆಟ್ಟಿ ಮೊದಲ ಸಲ ಆ ಕಟ್ಟೆ ಹತ್ತಿದೆವು. ರಾಜರು ಎಡಗಡೆಯಿಂದ ಗಂಭೀರವಾಗಿ ಬಂದರು. ಅವರ ಮೊದಲ ಮಾತು, “ಈ ನೆಲದಲ್ಲಿ ಊರಿದ ನಮ್ಮ ಕಾಲನ್ನು ಕದಲಿಸುವ ಗಂಡು ಇನ್ನೂ ಹುಟ್ಟಿಲ್ಲ.” ‘ಊರಿದ’ ಎನ್ನುವಾಗ ಬಲಗಾಲು ಊರಿದರು. ಕಾಲು ಊರಲಿಲ್ಲ, ಹೊರಟುಹೋಯಿತು. ಅಷ್ಟೆತ್ತರದ ಮನುಷ್ಯ ಗಾಳಿಯಲ್ಲಿ ಒಂದು ಗಳಿಗೆ ತೇಲಿ, ಸಿಕ್ಕಿದ್ದನ್ನು ಹಿಡಿದುಕೊಂಡು ಕೂತರು. ಸಿಕ್ಕಿದ್ದು ನನ್ನ ಸೆರಗು. ನಾನೂ ಜಾರಿದೆ. ಹಿಂದೆ ಬರುತ್ತಿದ್ದ ದಂಡನಾಯಕ ನಮ್ಮನ್ನು ಎಬ್ಬಿಸಲು ಓಡಿ ಬಂದು ನಮ್ಮನ್ನೂ ದಾಟಿ ಕಟ್ಟೆಯ ಆ ತುದಿಗೆ ಹೋಗಿ ನಿಂತ. ನನಗೆ ನಗು ತಡೆಯಲಾಗದೆ ಕಲ್ಲಿನ ಮೇಲೆಯೇ ಹೊಟ್ಟೆ ಹಿಡಿದುಕೊಂಡು ಮಲಗಿಬಿಟ್ಟೆ.

ನಗು ನಿಂತಾಗ ಕಂಡದ್ದು ದೊಡ್ಡವ್ವ. ಸೂಜಿ ಕೈಯಲ್ಲಿ ಎತ್ತಿ ಹಿಡಿದದ್ದು ಹಾಗೇ ಇತ್ತು. ಎಲ್ಲರೂ ಆಕೆಯ ಕಡೆ ನೋಡಿದರು. ಆಕೆ ವಿಚಾರ ಮಾಡಿ ಹೇಳಿದಳು.

“ಸೆರಗು ಹಿಡದಾನ, ಕೈ ಹಿಡದಿಲ್ಲ. ಇವತ್ತಿಗಿ ಬಿಡ್ತೀನಿ. ಇನ್ನೊಮ್ಮಿ ಹಿಂಗಾದರ ಹುಡುಗಿನ್ನ ಮನಿಗಿ ಕರಕೊಂಡು ಹೋಗ್ತೀನಿ.”

ಹೀಗೆ ಹನ್ನೆರಡು ಜೊತೆ ಚಡಾವಿನ ತಳದ ಮೇಲೆ ಇಡೀ ನಾಟಕ ನಿಂತಿತು.

ಮರುದಿನದಿಂದ ಊರೆಲ್ಲ ಉಪಾಯ ಹೇಳತೊಡಗಿತು. ಮೊದಲು ಕಟ್ಟೆಯ ಮೇಲೆ ಮರಳು ಚೆಲ್ಲಿದೆವು. ಹೆಜ್ಜೆ ಹೆಜ್ಜೆಗೂ ಕರಕರ ಸದ್ದು ಎದ್ದು ಯಾರ ಮಾತೂ ಯಾರಿಗೂ ಕೇಳಲಿಲ್ಲ. ಮೇಲಾಗಿ ಮರಳ ಹರಳುಗಳ ಮೇಲೆ ಚಡಾವು ಮೊದಲಿಗಿಂತ ಜೋರಾಗಿ ಉರುಳಿತು. ಆಮೇಲೆ ಎಲ್ಲರೂ ಸಾಲಾಗಿ ಕೂತು ತಳವನ್ನು ಒರಟು ಕಲ್ಲಿಗೆ ಉಜ್ಜಿದೆವು. ಆ ಸಂಜೆ ಚೆನ್ನಾಗಿಯೇ ನಿಂತಿತು. ಮರುದಿನಕ್ಕೆ ಮತ್ತೆ ನುಣುಪು. ದಂಡನಾಯಕ ಬೆಲ್ಲದ ಪಾಕ ಬಳಿದುಕೊಂಡು ಬಂದ. ಅವನ ಕಾಲು ಜಾರಲಿಲ್ಲ ನಿಜ, ಆದರೆ ಏಳಲೂ ಇಲ್ಲ. ಎರಡು ಹೆಜ್ಜೆ ಹೋದ ಮೇಲೆ ನೋಡಿದರೆ ಚಡಾವು ಹಿಂದೆ, ಅವನು ಮುಂದೆ. ಆ ಬಿಟ್ಟ ಚಡಾವಿಗೆ ಸ್ವಲ್ಪ ಹೊತ್ತಿನಲ್ಲೇ ಮಿಲ್ಲಿನ ಇರುವೆಗಳೆಲ್ಲ ಬಂದು ಸೇರಿದವು. ಕಬ್ಬಿಣದ ಮೊಳೆ ಹೊಡೆಸಿ ನೋಡೋಣವೆಂದು ರಾಜರು ತಮ್ಮ ಜೋಡಿಗೆ ಹೊಡೆಸಿಕೊಂಡರು. ಕಲ್ಲಿನ ಮೇಲೆ ಕಬ್ಬಿಣ ಇನ್ನೂ ಸಲೀಸು. ಅವರು ಪ್ರವೇಶ ಮಾಡಿದ್ದು ಎಡಗಡೆಯಿಂದ, ನಿಂತದ್ದು ಬಲಗಡೆಯ ಗೋಡೆಗೆ. ನಾನು ಆ ದಿನಗಳಲ್ಲಿ ಅವರು ಬರುತ್ತಿದ್ದ ಹಾಗೆ ನಾಲ್ಕು ಮಾರು ಹಿಂದೆ ಸರಿದು ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡೆ. ಗಂಡ ಯುದ್ಧಕ್ಕೆ ಹೊರಟರೆ ರಾಣಿ ಯಾಕೆ ಹೆದರಿ ಓಡುತ್ತಾಳೆ ಎಂದು ಪಂಡಿತರು ಕೇಳಿದರು.

ಸೈಕಲ್ಲಿನ ಹಳೆಯ ಟಾಯರು ಕತ್ತರಿಸಿ ಅಂಟಿಸಿದರೆ ಮುಗಿಯಿತಲ್ಲ ಎಂದು ಊರೇ ಹೇಳಿತು. ಪಂಡಿತರು ಒಪ್ಪಲಿಲ್ಲ. ಆ ಕಾಲದಾಗ ಸುರಪುರಕ್ಕ ಸೈಕಲ್ ಬಂದಿತ್ತೇನು ಎಂದು ತಿರುಗಿ ಕೇಳಿದರು. ರಬ್ಬರ್ ಅಡಿಯಲ್ಲಿರುತ್ತದೆ, ಯಾರಿಗೆ ಕಾಣುತ್ತದೆ ಎಂದರೆ, ತಮಗೆ ಗೊತ್ತಿರುತ್ತದಲ್ಲ ಎಂದರು. ಅವರು ಹಟಮಾರಿ ಎಂದು ಎಲ್ಲರೂ ಬೈದರು. ನನಗೆ ಮಾತ್ರ ಆ ಮಾತು ಹಿಡಿಸಿತು.

ಮೋಚಿ ಚಾಚಾನಿಗೆ ಇದೆಲ್ಲ ಅವಮಾನವಾಗಿತ್ತು. ಮೂರು ದಿನ ಕಟ್ಟೆಯ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಂದು ಕಲ್ಲಿನ ಮೇಲೆ ಅಂಗೈ ಆಡಿಸಿ ನೋಡಿ, ಪಂಡಿತರನ್ನು ಒಂದೇ ಪ್ರಶ್ನೆ ಕೇಳಿದ.

“ಚಿತ್ರದಾಗ ಮ್ಯಾಲಿನ ಭಾಗ ಬರದೀರಿ. ತಳ ಎಲ್ಲಿ ಐತ್ರಿ?”

ಪಂಡಿತರು ಆ ಜೋಡನ್ನು ಎಷ್ಟೋ ಸಲ ನೋಡಿದ್ದರು, ಆದರೆ ತಿರುವಿ ನೋಡಿರಲಿಲ್ಲ. ಅವತ್ತೇ ಸುರಪುರದ ಬಸ್ಸು ಹಿಡಿದೆವು. ಪಂಡಿತರು, ಚಾಚಾ, ನಾನು. ನಾನು ಹೋಗುವುದರಿಂದ ದೊಡ್ಡವ್ವ. ಬಸ್ಸಿನಲ್ಲಿ ಒಬ್ಬ ಕುರುಬ ಎರಡು ಕುರಿಮರಿಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೂತಿದ್ದ. ಅದರಲ್ಲಿ ಒಂದು ದಾರಿಯುದ್ದಕ್ಕೂ ಪಂಡಿತರ ಧೋತರದ ಅಂಚು ಅಗಿಯಿತು. ಅವರು ಚರಿತ್ರೆಯ ಯೋಚನೆಯಲ್ಲಿದ್ದರು, ಗೊತ್ತಾಗಲಿಲ್ಲ. ನಾನು ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ನಗು ಬಂದು ಮಾತು ನುಂಗಿತು. ಇಳಿಯುವಾಗ ಅಂಚು ಒಂದು ಗೇಣು ಕಡಿಮೆಯಾಗಿತ್ತು.

ಚಡಾವು ಇದ್ದ ಆ ಮನೆಯ ಯಜಮಾನಿ ವಯಸ್ಸಾದಾಕೆ. ಹಿರಿಯರ ಚಡಾವನ್ನು ಹಿತ್ತಾಳೆ ತಟ್ಟೆಯಲ್ಲಿ ಇಟ್ಟು, ಕುಂಕುಮ ಹಚ್ಚಿ, ದೇವರ ಮಾಡದ ಪಕ್ಕದಲ್ಲಿ ಇಟ್ಟಿದ್ದರು. ತಟ್ಟೆ ತಂದು ನಮ್ಮ ಮುಂದೆ ಇಟ್ಟರು. ಯಾರೂ ಮುಟ್ಟಲಿಲ್ಲ. ಪೂಜೆ ಮಾಡಿದ್ದನ್ನು ಬೋರಲು ಹಾಕಬೇಕೆಂದು ಕೇಳುವುದು ಹೇಗೆಂದು ಪಂಡಿತರು ಗಂಟಲು ಸರಿ ಮಾಡಿಕೊಳ್ಳುತ್ತಲೇ ಇದ್ದರು. ಚಾಚಾ ಬಾಗಿಲ ಹೊರಗೇ ನಿಂತಿದ್ದ. ಅಲ್ಲಿಂದಲೇ ಕೈ ಜೋಡಿಸಿ, ಇದನ್ನು ಹೊಲಿದವರ ಕೈ ನೋಡಬೇಕಾಗಿದೆ, ಅದು ಅಡಿಯಲ್ಲಿರುತ್ತದೆ ಎಂದ.

ಆ ಅಜ್ಜಿ ಅವನ ಬೆರಳುಗಳನ್ನು ನೋಡಿದರು. ದಾರ ಎಳೆದೂ ಎಳೆದೂ ಗೆರೆ ಬಿದ್ದ ಬೆರಳುಗಳು.

“ಒಳಗ ಬಾರಪ್ಪ” ಅಂದರು. “ನಾವು ನೂರು ವರ್ಷ ಕೈ ಮುಗದೀವಿ. ಹೊಲಿದವರ ಮಂದಿ ಈಗ ಬಂದೀರಿ. ನೀನ ತಿರುವಿ ನೋಡು.”

ಚಾಚಾ ಒಳಗೆ ಬಂದು, ಮಂಡಿಯೂರಿ, ಹಸುಗೂಸನ್ನು ಮಗ್ಗುಲಾಗಿಸುವ ಹಾಗೆ ಜೋಡನ್ನು ತಿರುವಿದ. ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ತಳವನ್ನು ಸವರಿ ಸವರಿ ನೋಡಿದ. ಆಮೇಲೆ ತನ್ನ ಹಣೆ ತಾನೇ ಬಡಿದುಕೊಂಡ. ಚರ್ಮಕ್ಕೆ ಎರಡು ಮುಖವಂತೆ. ಕೂದಲಿದ್ದ ಮುಖ ನುಣ್ಣಗೆ, ಮಾಂಸಕ್ಕೆ ಅಂಟಿದ್ದ ಮುಖ ಒರಟು. ಅಂದಕ್ಕೆಂದು ಅವನು ನುಣುಪಾದ ಮುಖವನ್ನು ನೆಲದ ಕಡೆ ಹಾಕಿದ್ದ. ಆ ಹಳೆಯ ಮೋಚಿ ಒರಟು ಮುಖವನ್ನು ಕೆಳಗೆ ಹಾಕಿದ್ದ. ಅದರ ಮೇಲೆ ದಪ್ಪ ದಾರದ ಗಂಟುಗಳು, ಜೋಳದ ಕಾಳಿನಷ್ಟು ದಪ್ಪ, ಸಾಲು ಸಾಲಾಗಿ ಹೊರಗೆ ಉಬ್ಬಿಕೊಂಡು ನಿಂತಿದ್ದವು. ಅವು ಅರ್ಧ ಸವೆದಿದ್ದವು. ಬಂಡೆಯ ಊರಿನ ಸಿಪಾಯಿ ಬಂಡೆಯ ಮೇಲೆ ಓಡಾಡಿದ ಜೋಡು ಅದು.

ಪಂಡಿತರು ಕಾಗದ ತೆಗೆದು ತಳದ ಚಿತ್ರ ಬರೆದುಕೊಂಡರು. ಬಾಗಿಲು ದಾಟುವಾಗ ಚಾಚಾನ ಕಡೆ ತಿರುಗಿ, ಇಷ್ಟು ವರ್ಷ ನಾನು ಅರ್ಧ ಜೋಡನ್ನೇ ನೋಡಿದ್ದೆ ಎಂದರು. ಬಸ್ಸಿನಲ್ಲಿ ಚಾಚಾ ದೊಡ್ಡವ್ವ ಕೊಟ್ಟ ಕಡಲೆಯನ್ನು ತಿನ್ನುತ್ತ ಸಣ್ಣಗೆ ಏನೋ ಹಾಡಿಕೊಂಡ.

ಹಿಂದಿರುಗಿದ ಮೇಲೆ ಚಾಚಾನ ಮನೆಯವರೆಲ್ಲ ಕೂತು ಹನ್ನೆರಡು ಜೊತೆಯ ತಳ ಬಿಚ್ಚಿ ಮಗುಚಿ ಹೊಲಿದರು, ಗಂಟು ಹಾಕಿದರು. ನಾಟಕದ ಹಿಂದಿನ ದಿನ ಮಧ್ಯಾಹ್ನ ನೋಡಿದಾಗ ಬೀಳುವುದು ನಿಂತಿತ್ತು. ಆದರೂ ತಿರುಗುವಾಗ ಹಿಮ್ಮಡಿ ಒಂದಿಷ್ಟು ಓಡುತ್ತಿತ್ತು. ಆಗ ನನ್ನ ಕಣ್ಣು ನಮ್ಮ ನಾಟಕದ ಸಾರಂಗಿಯವರ ಮೇಲೆ ಬಿತ್ತು. ಅವರು ಕಮಾನಿನ ಕೂದಲಿಗೆ ಒಂದು ಹಳದಿ ಗಟ್ಟಿ ತಿಕ್ಕುತ್ತಿದ್ದರು. ಏನೆಂದು ಕೇಳಿದೆ. ರಾಳ, ಇದು ತಿಕ್ಕದಿದ್ದರೆ ಕಮಾನು ತಂತಿಯ ಮೇಲೆ ಜಾರುತ್ತದೆ, ದನಿಯೇ ಹೊರಡುವುದಿಲ್ಲ ಎಂದರು. ನಾನು ಅವರ ಕೈಯಿಂದ ಗಟ್ಟಿಯನ್ನು ಹೆಚ್ಚೂಕಡಿಮೆ ಕಸಿದುಕೊಂಡೆ. ದೊಡ್ಡವ್ವನ ಒರಳಿನಲ್ಲೇ ಕುಟ್ಟಿ ಪುಡಿ ಮಾಡಿದೆ. ಆಮೇಲೆ ಒಂದು ವಾರ ನಮ್ಮ ಮನೆಯ ಚಟ್ನಿಯೆಲ್ಲ ಸಾರಂಗಿಯ ವಾಸನೆ ಹೊಡೆಯಿತು. ಇದು ಆ ಕಾಲದಲ್ಲಿ ಇತ್ತೇ ಎಂದು ಪಂಡಿತರು ಅನುಮಾನಿಸಿದರು. ಆ ಕಾಲದಾಗ ಸಾರಂಗಿ ಇತ್ತಲ್ರಿ, ಎಂದ ಚಾಚಾ. ಪಂಡಿತರು ಒಪ್ಪಿದರು.

ಪುಡಿಯನ್ನು ತಳಕ್ಕೆ ತಿಕ್ಕಿ ಮೊದಲು ಚಾಚಾನೇ ಕಟ್ಟೆ ಹತ್ತಿದ. ನಡೆದ, ಬಿರಬಿರನೆ ನಡೆದ, ಓಡಿದ, ಓಡುತ್ತ ಓಡುತ್ತ ಗಕ್ಕನೆ ನಿಂತ. ನಿಂತಲ್ಲೇ ನಿಂತ. ನಮ್ಮ ಕಡೆ ನೋಡಿ ಒಂದು ಸಲ ಕುಪ್ಪಳಿಸಿದ. ಅರವತ್ತು ದಾಟಿದ ಮನುಷ್ಯ ಕುಪ್ಪಳಿಸಿದ್ದು ನೋಡಿ ಎಲ್ಲರೂ ಕಟ್ಟೆ ಹತ್ತಿ ಕುಪ್ಪಳಿಸತೊಡಗಿದರು.

ಇವರ ಮಾತನ್ನು ನಂಬಲಾಗದು, ತಾನೇ ನೋಡುತ್ತೇನೆ ಎಂದು ದೊಡ್ಡವ್ವ ಎದ್ದಳು. ರಾಜರ ಚಡಾವು ಬಿಚ್ಚಿಸಿ ತನ್ನ ಕಾಲಿಗೆ ಹಾಕಿಕೊಂಡಳು. ಅದರ ಒಂದರಲ್ಲೇ ಆಕೆಯ ಎರಡೂ ಪಾದ ಹಿಡಿಸುತ್ತಿದ್ದವು. ಸೀರೆ ಎತ್ತಿ ಸಿಕ್ಕಿಸಿ ಆ ತುದಿಯಿಂದ ಈ ತುದಿಗೆ ಹೋದಳು. ತಿರುಗಿ ಬಂದಳು. ಮತ್ತೆ ಹೋದಳು, ಈ ಸಲ ಸ್ವಲ್ಪ ಜೋರಾಗಿ. ನಾಲ್ಕನೆಯ ಸುತ್ತಿಗೆ ಆಕೆ ಓಡುತ್ತಿದ್ದಳು. ಕೆಂಪು ಗೊಂಡೆಗಳು ಕುಣಿಯುತ್ತಿದ್ದವು. ರಾಜರು ಬರಿಗಾಲಿನಲ್ಲಿ ಮೂಲೆಯಲ್ಲಿ ನಿಂತು ತಮ್ಮ ಜೋಡು ಯಾವಾಗ ತಿರುಗಿ ಸಿಗುತ್ತದೆಂದು ಕಾಯುತ್ತಿದ್ದರು. ದೊಡ್ಡವ್ವ ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನಾಟಕ ಮರುದಿನ ಮೂರು ಗಂಟೆಗೆ ಶುರುವಾಯಿತು, ಹೊತ್ತು ಮುಳುಗುವುದರೊಳಗೆ ಮುಗಿಯಬೇಕೆಂದು. ಹತ್ತಿಕುಣಿಯ ಕಡೆಯಿಂದಲೂ ಬಂಡಿ ಕಟ್ಟಿಕೊಂಡು ಬಂದಿದ್ದರು. ರಾಜರು ಬಂದರು, ಕಾಲು ಊರಿದರು, ಕಾಲು ಊರಿತು. ಅವರ ಮುಖದಲ್ಲಿ ಎಂಥ ಸಂತೋಷ ಬಂತೆಂದರೆ ಮುಂದಿನ ಮಾತು ಮರೆತೇಹೋಯಿತು. ಅದಕ್ಕೆ ಅದೇ ಮಾತನ್ನು ಇನ್ನೊಮ್ಮೆ ಹೇಳಿ, ಇನ್ನೊಂದು ಕಾಲನ್ನೂ ಊರಿದರು. ಜನ ಚಪ್ಪಾಳೆ ತಟ್ಟಿದರು.

ಎಲ್ಲ ಸರಿಹೋಗುತ್ತಿತ್ತು. ನಾವು ಮರೆತದ್ದು ಕಂಪನಿಯ ಪಲ್ಟನ್ನನ್ನು. ಪಲ್ಟನ್ನಿನ ಪಾತ್ರದ ಏಳು ಮಂದಿಗೆ ಯಾರದೋ ಹಳೆಯ ಬೂಟು ತಂದು ಹಾಕಿಸಿದ್ದರು. ಹಿಮ್ಮಡಿಯಲ್ಲಿ ಕಬ್ಬಿಣದ ಲಾಳ. ಅವರು ತಾಲೀಮನ್ನೆಲ್ಲ ಬರಿಗಾಲಿನಲ್ಲೇ ಮಾಡಿದ್ದರು. ಕೊನೆಯ ಅಂಕದಲ್ಲಿ ಅವರ ಮುಖ್ಯಸ್ಥನಾದ ಇಂಗ್ಲಿಷ್ ಸಾಹೇಬ ಕತ್ತಿ ಎತ್ತಿ “ಹಲ್ಲಾ ಮಾಡಿರಿ” ಎಂದು ಕೂಗಿ ನುಗ್ಗಿದ. ಏಳೂ ಮಂದಿ ಬಲಗಡೆಯಿಂದ ಬಂದರು, ನಿಂತುಕೊಂಡಲ್ಲ. ಒಬ್ಬನ ಮೇಲೊಬ್ಬ, ಬಂದೂಕು ಒಂದು ಕಡೆ, ಟೋಪಿ ಒಂದು ಕಡೆ. ಎದ್ದವನನ್ನು ಏಳುವವನು ಹಿಡಿದು ಬೀಳಿಸಿದ. ನಮ್ಮ ಪಡೆ ಮಾತ್ರ ಸಾಲಾಗಿ ನಿಂತು, ಬೇರು ಬಿಟ್ಟ ಹಾಗೆ, ಬಾಯಿ ತೆರೆದುಕೊಂಡು ನೋಡುತ್ತಿತ್ತು. ಬಯಲಿನ ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಇದೇ ನಾಟಕವೆಂದು ಅವರು ತಿಳಿದಿದ್ದರು.

ಸಾಹೇಬ ಕುಂಡೆಯ ಮೇಲೆ ಜಾರುತ್ತ ಕಟ್ಟೆಯುದ್ದಕ್ಕೂ ನನ್ನ ಕಡೆ ಬಂದ. ನನ್ನ ಹಿಂದೆ ಕಂಬ, ಸರಿಯಲು ಜಾಗವಿರಲಿಲ್ಲ. ನನ್ನ ಚಡಾವಿನ ಗೊಂಡೆಗೆ ನಾಲ್ಕು ಬೆರಳು ದೂರದಲ್ಲಿ ನಿಂತ. ಬಯಲೆಲ್ಲ ಒಮ್ಮೆ ಸುಮ್ಮನಾಯಿತು. ಆ ಸದ್ದಿಲ್ಲದ ಹೊತ್ತಿನಲ್ಲಿ ಪರದೆಯ ಹಿಂದಿನಿಂದ ದೊಡ್ಡವ್ವನ ದನಿ ಎಲ್ಲರಿಗೂ ಕೇಳಿಸಿತು.

“ಮುಟ್ಟಿಲ್ಲ, ಮುಟ್ಟಿಲ್ಲ. ಮುಂದ ನಡಸ್ರಿ.”

ನಾನು ನಕ್ಕುಬಿಟ್ಟೆ. ಗಂಡನನ್ನು ಕಳೆದುಕೊಳ್ಳಬೇಕಾದ ರಾಣಿ ಶತ್ರುವಿನ ಮುಂದೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಜನ ಅದನ್ನು ಶೌರ್ಯವೆಂದುಕೊಂಡರು. ಪಂಡಿತರ ನಾಟಕದಲ್ಲಿ ಸುರಪುರ ಸೋಲಬೇಕಿತ್ತು, ಆದರೆ ಸೋಲಿಸಲು ಎದ್ದು ನಿಲ್ಲುವವರೇ ಯಾರೂ ಇರಲಿಲ್ಲ. ಕೊನೆಗೆ ರಾಜರೇ ಬಗ್ಗಿ ಸಾಹೇಬನ ಕೈ ಹಿಡಿದು ಎಬ್ಬಿಸಿ ನಿಲ್ಲಿಸಿ, ಅವನಿಗೆ ಶರಣಾದರು. ಪಂಡಿತರು ಪರದೆಯ ಮರೆಯಲ್ಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತಿದ್ದರು. ಅಳುತ್ತಿದ್ದಾರೆಂದು ಹತ್ತಿರ ಹೋದೆ. ಭುಜಗಳು ಕುಲುಕುತ್ತಿದ್ದವು, ಆದರೆ ಅದು ಅಳುವಲ್ಲ.

ಆದರೂ ಚರಿತ್ರೆ ತಪ್ಪಿತೆಂಬ ಕೊರಗು ಅವರಿಗೆ ಉಳಿಯಿತು. ಒಂದು ತಿಂಗಳಾದ ಮೇಲೆ ಸುರಪುರದಲ್ಲೇ ಆಡಲು ಕರೆ ಬಂದಾಗ ಮೊದಲು ಮಾಡಿದ ಕೆಲಸವೆಂದರೆ ಆ ಏಳು ಜೊತೆ ಬೂಟಿನ ಲಾಳ ಕೀಳಿಸಿ, ಚಾಚಾನಿಂದ ಒರಟು ಚರ್ಮದ ತಳ ಹಾಕಿಸಿ, ರಾಳ ತಿಕ್ಕಿಸಿದ್ದು. ಸುರಪುರದಲ್ಲಿ ಪಲ್ಟನ್ನು ಗಟ್ಟಿಯಾಗಿ ಬಂತು, ಗಟ್ಟಿಯಾಗಿ ನಿಂತಿತು, ಗೆದ್ದಿತು. ಬರೆದ ಹಾಗೆಯೇ ಎಲ್ಲ ನಡೆಯಿತು. ನಾನು ಒಂದು ಸಲವೂ ನಗಲಿಲ್ಲ. ಪರದೆ ಬಿದ್ದರೂ ಜನ ಏಳಲಿಲ್ಲ. ಮುಂದಿನ ಸಾಲಿನಿಂದ ರುಮಾಲು ಸುತ್ತಿದ ಹಿರಿಯರೊಬ್ಬರು ಎದ್ದು ನಿಂತು, ಬಹಳ ಮರ್ಯಾದೆಯಿಂದ ಪಂಡಿತರನ್ನು ಕೇಳಿದರು.

“ಶಹಾಪುರದಾಗ ಬಿದ್ದರಂತಲ್ರಿ ಸಾಹೇಬರು. ಇಲ್ಲಿ ಯಾಕ ಬೀಳವಲ್ರು?”

ಪಂಡಿತರು ಪರದೆಯ ಮುಂದೆ ಬಂದು, ನೂರು ವರ್ಷದ ಹಿಂದೆ ನಿಜವಾಗಿ ಏನು ನಡೆಯಿತೆಂದು ಬಹಳ ಹೊತ್ತು ವಿವರಿಸಿದರು. ಹಿರಿಯರು ಎಲ್ಲ ಕೇಳಿ, ಅದು ನಮಗೂ ಗೊತ್ತೈತ್ರಿ, ಆದರ ನಾವು ಬೋನಾಳದಿಂದ ನಡಕೊಂತ ಬಂದೀವಿ ಎಂದರು. ಹಿಂದೆ ಕೂತವರೆಲ್ಲ ಹೌದ್ರಿ ಹೌದ್ರಿ ಎಂದರು. ಪಂಡಿತರು ಪರದೆಯ ಹಿಂದೆ ಬಂದು ನಮ್ಮ ಕಡೆ ನೋಡಿದರು, ಚಾಚಾನ ಕಡೆ ನೋಡಿದರು. ಆಮೇಲೆ ಸಾಹೇಬನ ಪಾತ್ರದವನ ಕಿವಿಯಲ್ಲಿ ಏನೋ ಹೇಳಿದರು. ಪರದೆ ಮತ್ತೆ ಮೇಲೆ ಹೋಯಿತು. ಕೊನೆಯ ಅಂಕ ಇನ್ನೊಮ್ಮೆ ಶುರುವಾಯಿತು. ಈ ಸಲ ಜಾರದ ಬೂಟು ಹಾಕಿಕೊಂಡ ಏಳು ಮಂದಿ ತಮ್ಮ ಮನಸ್ಸಿನಿಂದಲೇ, ಒಬ್ಬರ ಮೇಲೊಬ್ಬರು, ಬಹಳ ಚೆನ್ನಾಗಿ ಬಿದ್ದರು.